ತಾನಾಗಿ ನಿಲ್ಲುವ ಕಾರು, ಮಾತು ಕೇಳದ ದುಗ್ಗಪ್ಪ ಶೆಟ್ಟರು

ಕೋಟೇಶ್ವರದಿಂದ ಶಿರೂರಿನವರೆಗೆ ಹೆದ್ದಾರಿ ಈಗ ಅಗಲವಾಗಿದೆ. ಗಾಡಿಗಳ ಓಟವೂ ಜೋರಾಗಿದೆ. ಆದರೆ ರಸ್ತೆ ದಾಟುವವರು ಹಿಂದಿನವರೇ. ಮೀನಿನ ಸ್ಕೂಟರು, ಡೈರಿಗೆ ಹಾಲು ಕೊಂಡೊಯ್ಯುವವರು, ಶಾಲೆಯ ಮಕ್ಕಳು, ಅವರ ನಡುವೆ ಯಾರದೋ ದನ. ಎಲ್ಲೋ ಒಂದು ಕಡೆ ಯಾರಿಗೋ ಪೆಟ್ಟಾಯಿತಂತೆ ಎಂದು ಕೇಳುತ್ತೇವೆ, ಅಯ್ಯೋ ಎನ್ನುತ್ತೇವೆ, ಮತ್ತೆ ಗಾಡಿ ಹತ್ತುತ್ತೇವೆ.

ಕೋಟೇಶ್ವರದ ದುಗ್ಗಪ್ಪ ಶೆಟ್ಟರು ಇಂಥ ರಸ್ತೆಗೆ ಹೊಸ ಕಾರು ಇಳಿಸಿದರು. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿ ಊರಿಗೆ ಬಂದವರು. ಹೇಳಿ ಅಭ್ಯಾಸ, ಕೇಳಿ ಅಭ್ಯಾಸವಿಲ್ಲ. ಕಾರೂ ಹೇಳುವ ಜಾತಿಯದೇ ಸಿಕ್ಕಿತು. ಗಾಜಿನ ಹಿಂದೊಂದು ಕ್ಯಾಮೆರಾ. ಎದುರು ಏನಾದರೂ ಅಡ್ಡ ಬಂದರೆ ಕೂಗುತ್ತದೆ. ಓಡಿಸುವವರು ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಬಿಳಿ ಗೆರೆ ದಾಟಿದರೆ ಸ್ಟಿಯರಿಂಗನ್ನು ಮೆಲ್ಲಗೆ ಎಳೆಯುತ್ತದೆ. ಸ್ಟಿಯರಿಂಗಿನಿಂದ ಕೈ ತೆಗೆದರಂತೂ ಕಿರುಚುತ್ತದೆ.

ಕೈ ತೆಗೆಯುವುದು ಶೆಟ್ಟರ ಹಳೆಯ ರೂಢಿ. ಹೆದ್ದಾರಿ ಬದಿಯ ಬೊಬ್ಬರ್ಯ ದೈವದ ಗುಡಿ ಬಂತೆಂದರೆ ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ ಮುಗಿಯುವುದು. ಗಾಡಿ ನಿಲ್ಲಿಸುವ ಮಾತಿಲ್ಲ. ನಮ್ಮಲ್ಲಿ ತುಂಬ ಜನ ಹಾಗೇ ಮಾಡುತ್ತಾರೆ, ಅದೂ ದಾರಿಯಲ್ಲಿ ಏನೂ ಆಗದಿರಲಿ ಎಂದು ಬೇಡಿಕೊಳ್ಳುತ್ತ.

ಮೂರನೇ ದಿನ ಗುಡಿಯ ಮುಂದೆ ಕಾರು ಕಿರುಚಿತು. ಶೆಟ್ಟರ ಮೈ ಉರಿಯಿತು. ಮನೆಗೆ ಬಂದವರೇ ಪರದೆಯ ಮೇಲೆ ಒತ್ತಿ ಒತ್ತಿ, ಎಚ್ಚರಿಕೆ, ಬ್ರೇಕು ಎಲ್ಲವನ್ನೂ ಆಫ್ ಮಾಡಿದರು. ಮರುದಿನ ಸ್ಟಾರ್ಟ್ ಮಾಡಿದಾಗ ಬ್ರೇಕು ಮತ್ತೆ ಆನ್ ಆಗಿತ್ತು. ಅವರೂ ಬಿಡಲಿಲ್ಲ. ದಿನಾ ಸ್ಟಾರ್ಟ್ ಮಾಡುವುದು, ದಿನಾ ಆಫ್ ಮಾಡುವುದು.

"ಅದ್ ಇದ್ರೆ ನಿಮ್ಗೆ ಎಂತ ಕಷ್ಟ?" ಎಂದು ಹೆಂಡತಿ ಸರೋಜ ಕೇಳಿದರು.

"ಗಾಡಿ ನಂದ್. ಕೈ ಎಲ್ಲಿಡ್ಕ್ ಅಂದೇಳಿ ಗಾಡಿ ನಂಗೆ ಹೇಳುದಾ?"

ಪಕ್ಕದ ಮನೆಯ ಸೌಮ್ಯಶ್ರೀ ಕುಂದಾಪುರದಲ್ಲಿ ಡ್ರೈವಿಂಗ್ ಶಾಲೆಯ ಟೀಚರ್. ಬೇಲಿಯಾಚೆಯಿಂದಲೇ ಹೇಳಿದಳು, "ಮಾವ, ಬ್ರೇಕ್ ಒಂದಾದ್ರೂ ಆನ್ ಇಡಿ."

"ಮೊನ್ನೆ ಎಂತ ಆಯ್ತ್ ಗೊತ್ತಿತ್ತಾ? ಒಂದ್ ಬೈಕ್ ಪಕ್ಕದಂಗೆ ನುಗ್ಗಿದ್ದಕ್ಕೆ ಗಬಕ್ಕ ಬ್ರೇಕ್ ಹಾಕ್ತ್. ಹಿಂದ್ ಬಸ್ ಇತ್ತ್. ಅವ ಗುದ್ದಿದ್ರೆ?"

"ಅದ್ ಸುಳ್ಳಲ್ಲ. ಯಂತ್ರಕ್ಕೂ ತಪ್ಪತ್ತ್. ಜೋರ್ ಮಳೆಗೆ ಕ್ಯಾಮೆರಾ ಮಂಕಾತ್ತ್. ಗೆರೆ ಅಳಿಸಿ ಹೋದಲ್ಲಿ ಅದ್ಕೆ ದಾರಿ ಗೊತ್ತಾತಿಲ್ಲೆ. ಅದ್ಕೇ ಅಲ್ದಾ ನೀವ್ ಅಲ್ಲಿ ಕೂಕಂಡದ್ದ್? ತಾನೇ ಓಡು ಕಾರ್ ನಮ್ಮೂರಿಗೆ ಇನ್ನೂ ಬರ್ಲಿಲ್ಲೆ. ಇದ್ ಬರೀ ಸಹಾಯಕ್ಕೆ. ಎಚ್ಚರಿಕೆ ಬೇಗ ಬೇಕಾ, ತಡ ಬೇಕಾ ಅಂದೇಳಿ ಬದಲ್ ಮಾಡುಕ್ ಆತ್ತ್. ನಾಳೆ ಬನ್ನಿ, ತೋರ್ಸ್ತೆ."

"ಕಾಂಬ," ಎಂದರು ಶೆಟ್ಟರು. ಕಾಂಬ ಎಂದರೆ ನೋಡೋಣ, ಅವರ ಬಾಯಲ್ಲಿ ಮಾತ್ರ ಇಲ್ಲ ಎಂದೇ ಅರ್ಥ.

ಮುಂದಿನ ವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಎಂದಿನಂತೆ ಎಲ್ಲ ಆಫ್ ಮಾಡಿ, ಬೈಂದೂರಿಗೆ ಹೊರಟಿದ್ದರು. ಗುಡಿ ಬಂತು. ಕೈ ಮುಗಿದರು, ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಎದುರಿಗೆ ಒಂದು ಸ್ಕೂಟರು ರಸ್ತೆ ದಾಟುತ್ತಿತ್ತು. ಬ್ರೇಕ್ ಒತ್ತಿದರು. ತಡವಾಗಿತ್ತು.

ಸ್ಕೂಟರಿನಲ್ಲಿದ್ದವಳು ವನಜ. ಹದಿನೈದು ವರ್ಷದಿಂದ ಶೆಟ್ಟರ ಮನೆಗೆ ಮೀನು ಕೊಡುವವಳು. ಪೆಟ್ಟಿಗೆ ಒಡೆದು ಬಂಗುಡೆ ರಸ್ತೆಯ ತುಂಬ ಚೆಲ್ಲಿತ್ತು. ವನಜಳ ಎಡಗಾಲು ಮುರಿದಿತ್ತು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು.

ಸಂಜೆ ಶೆಟ್ಟರೇ ಸೌಮ್ಯಶ್ರೀಯ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದರು. "ಆನ್ ಇದ್ದಿದ್ರೆ ನಿಲ್ತಿತ್ತಾ?" ಎಂದು ಕೇಳಿದರು.

ಅವಳು ಸಮಾಧಾನದ ಮಾತು ಹೇಳಲಿಲ್ಲ. "ಖಂಡಿತ ಅಂದೇಳಿ ಹೇಳುಕ್ ಆತಿಲ್ಲೆ ಮಾವ. ನಿಲ್ತಿತ್ತೇನೋ. ನಿಲ್ದಿದ್ರೂ ಪೆಟ್ಟ್ ಕಮ್ಮಿ ಆತಿತ್ತ್. ಆದ್ರೆ ಅರವತ್ತರ ಸ್ಪೀಡಲ್ಲಿ ಕಾರ್ ಒಂದ್ ಸೆಕೆಂಡಿಗೆ ಹದಿನಾರ್ ಹದಿನೇಳ್ ಮೀಟರ್ ಮುಂದ್ ಹೋತ್ತ್. ನೀವ್ ಎರಡ್ ಸೆಕೆಂಡ್ ಕಣ್ ಮುಚ್ಚಿದ್ರಿ. ಅಷ್ಟ್ ದೂರ ಕಾರ್ ಓಡ್ಸುಕೆ ಯಾರೂ ಇರ್ಲಿಲ್ಲೆ."

ಮರುದಿನ ಶೆಟ್ಟರು, ಸರೋಜ ಇಬ್ಬರೂ ಆಸ್ಪತ್ರೆಗೆ ಹೋದರು. ವನಜಳ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು.

"ನಂದೇ ತಪ್ಪ್ ವನಜ," ಎಂದರು ಶೆಟ್ಟರು. "ನನ್ ಗಾಡಿ, ನನ್ ಮನಸ್ ಬಂದಂಗೆ ಅಂದೇಳಿ ಅದ್ರ ಬ್ರೇಕ್ ಆಫ್ ಮಾಡಿದ್ದೆ. ಇನ್ ನಾನ್ ಗಾಡಿ ಮುಟ್ಟುದಿಲ್ಲೆ."

ವನಜ ಪ್ಲಾಸ್ಟರಿನ ಮೇಲೆ ಕೈಯಿಟ್ಟು ಹೇಳಿದಳು,

"ಗಾಡಿ ಓಡ್ಸ್ಬೇಡಿ ಅಂದೇಳಿ ನಾನ್ ಹೇಳ್ತಿಲ್ಲೆ ಶೆಟ್ರೆ. ಗಾಡಿ ನಿಮ್ದೇ. ಕಾಲ್ ನಂದ್ ಅಲ್ದಾ? ಆಫ್ ಮಾಡುವತ್ತಿಗೆ ನನ್ ಹತ್ರ ಒಂದ್ ಮಾತ್ ಕೇಳಿದ್ರಾ?"

ಶೆಟ್ಟರಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ. ಸರೋಜ ಗಂಡನ ಮುಖ ನೋಡಲಿಲ್ಲ.

ಆಸ್ಪತ್ರೆಯಿಂದ ಶೆಟ್ಟರು ಬಸ್ಸಿನಲ್ಲಿ ನೇರ ಡ್ರೈವಿಂಗ್ ಶಾಲೆಗೆ ಹೋದರು. ಮರುದಿನ ಸೌಮ್ಯಶ್ರೀ ಅವರ ಕಾರಿನಲ್ಲೇ ಕೂತು ಒಂದೊಂದಾಗಿ ತೋರಿಸಿದಳು. ಯಾವ ಕೂಗಿಗೆ ಏನರ್ಥ, ಯಾವುದನ್ನು ಎಷ್ಟು ತಗ್ಗಿಸಬಹುದು, ಯಾವುದನ್ನು ಮುಟ್ಟಲೇಬಾರದು. ಅರ್ಧ ಗಂಟೆಯ ಪಾಠ. ಕೊಂಡ ದಿನವೇ ಕಲಿಯಬಹುದಿತ್ತು.

ಶೆಟ್ಟರು ಈಗಲೂ ಕಾರು ಓಡಿಸುತ್ತಾರೆ. ಎಲ್ಲಿಗೆ ಬೇಕೋ ಅಲ್ಲಿಗೆ ಹೋಗುತ್ತಾರೆ, ಯಾರೂ ಬೇಡ ಅಂದಿಲ್ಲ. ಗುಡಿ ಬಂದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಇಳಿದು ಕೈ ಮುಗಿಯುತ್ತಾರೆ. ಎರಡು ನಿಮಿಷ ಹಿಡಿಯುತ್ತದೆ. ವನಜ ಮೂರು ತಿಂಗಳಾದರೂ ಮೀನು ಮಾರಲು ಇಳಿದಿಲ್ಲ.

ಕಾರು ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರಿಗೆ ತಾನಾಗಿ ಬ್ರೇಕ್ ಹಾಕುವ ಅನುಕೂಲ ಇದ್ದರೆ ಅದನ್ನು ಆಫ್ ಮಾಡಬೇಡಿ. ಕಿರಿಕಿರಿಯಾದರೆ ತಿಳಿದವರ ಹತ್ತಿರ ಕೇಳಿ ಕಲಿಯಿರಿ. ಅದು ಇದೆಯಲ್ಲ ಎಂದು ಕೈ ಬಿಡಬೇಡಿ, ರಸ್ತೆಯಿಂದ ಕಣ್ಣು ತೆಗೆಯಬೇಡಿ. ಎಲ್ಲಿಗೆ ಹೋಗಬೇಕು ಎನ್ನುವುದು ನಿಮ್ಮ ಇಷ್ಟ. ಆದರೆ ನಿಮ್ಮ ಮುಂದೆ ರಸ್ತೆ ದಾಟುತ್ತಿರುವವರಿಗೆ ನೀವು ನಿಮ್ಮ ಕಾರಿನಲ್ಲಿ ಏನನ್ನು ಆಫ್ ಮಾಡಿಟ್ಟಿದ್ದೀರಿ ಎಂದು ಗೊತ್ತಿರುವುದಿಲ್ಲ.