ಗುಡ್ಡ ಟಿವಿಯ ಸುದ್ದಿ ಕೋಟು

ನಾನು ಒಂದು ಕೋಟು. ಕಡುನೀಲಿ ಬಣ್ಣ, ಎದುರಿಗೆ ಮೂರು ಗುಂಡಿ, ಎದೆಯ ಹತ್ತಿರ ಒಂದು ಒಳಕಿಸೆ. ಬೆನ್ನು ಮಾತ್ರ ಇಲ್ಲ. ನಗಬೇಡಿ, ಹುಟ್ಟುವಾಗ ನನಗೂ ಬೆನ್ನಿತ್ತು. ಬಾಗಲಕೋಟೆ ಕಡೆಯ ಕಮತಗುಡ್ಡ ಎಂಬ ನೇಕಾರರ ಊರಿನಲ್ಲಿ ಟೇಲರ್ ಖಾಜಾಸಾಬ್ ಎರಡು ದಿನ ಕೂತು ನನ್ನನ್ನು ಹೊಲಿದ. ಹೊಲಿಸಿದವನು ಮುರಿಗೆಪ್ಪ ಕೊಣ್ಣೂರ. ಊರಿಗೆಲ್ಲ ಕೇಬಲ್ ಎಳೆದವನು ಅವನೇ. ಊರಿಗೆ ನಮ್ಮದೇ ಒಂದು ಟಿವಿ ಇರಲಿ ಎಂದು ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು ‘ಗುಡ್ಡ ಟಿವಿ’ ಶುರು ಮಾಡಿದ.

ಸುದ್ದಿ ಓದುವವರು ಮೂವರಿದ್ದರು. ಒಬ್ಬ ದಪ್ಪ, ಒಬ್ಬ ಕುಳ್ಳ, ಇನ್ನೊಬ್ಬ ಕಡ್ಡಿಯಂಥವನು. ಕೋಟು ಒಂದೇ. ಮುರಿಗೆಪ್ಪ ನನ್ನನ್ನು ತಿರುಗಿ ಖಾಜಾಸಾಬನ ಮುಂದೆ ಎಸೆದ.

“ಹಿಂದ ಯಾರ್ ನೋಡ್ತಾರೋ ಖಾಜಾ? ಬೆನ್ನ ಕತ್ತರಿಸಿ ಲಾಡಿ ಹಚ್ಚು. ಯಾರ್ ಬೇಕಾದ್ರೂ ಹಾಕ್ಕೋತಾರ.”

“ಹೊಲಿದ ಕೈಲೇ ಹರಿ ಅಂತೀರಲ್ರಿ ಸಾವ್ಕಾರ್ರ” ಅಂದ ಖಾಜಾಸಾಬ್. ಆದರೂ ಕತ್ತರಿಸಿದ. ಅಂದಿನಿಂದ ನನ್ನನ್ನು ಎದುರಿನಿಂದ ತೊಡಿಸಿ, ಹಿಂದೆ ಇನ್ನೊಬ್ಬರು ಲಾಡಿ ಕಟ್ಟುತ್ತಿದ್ದರು. ಮೇಜಿನ ಕೆಳಗೆ ಲುಂಗಿಯೋ ಚಡ್ಡಿಯೋ, ಅದು ನನಗೆ ಗೊತ್ತು, ಊರಿಗೆ ಗೊತ್ತಿಲ್ಲ.

ಆದರೂ ಸುಳ್ಳು ಹೇಳಲಾರೆ, ಮೊದಲ ವರ್ಷಗಳಲ್ಲಿ ನನಗೆ ಭಾರಿ ಜಂಬ. ನಳದ ನೀರು ಯಾವಾಗ, ಯಾರು ತೀರಿಕೊಂಡರು, ಯಾರ ಎಮ್ಮೆ ಕಳೆಯಿತು, ಯಾರ ಮಗುವಿನ ಹುಟ್ಟುಹಬ್ಬ ಎಲ್ಲ ನಮ್ಮಲ್ಲೇ. ಸಂಜೆ ಏಳಕ್ಕೆ ಊರಿನ ಮಗ್ಗಗಳು ನಿಲ್ಲುತ್ತಿದ್ದವು. “ಟಿವ್ಯಾಗ ಹೇಳ್ಯಾರ” ಅಂದರೆ ಮುಗಿಯಿತು, ಮುಂದೆ ಮಾತಿಲ್ಲ. ಐದು ಗಂಟೆಗೆ ಸುದ್ದಿ ಓದಿ ಕ್ಯಾಸೆಟ್ಟಿಗೆ ಹಾಕುವುದು, ಏಳಕ್ಕೆ ತೋರಿಸುವುದು, ಮರುದಿನ ಅದೇ ಕ್ಯಾಸೆಟ್ಟಿನ ಮೇಲೆ ಹೊಸ ಸುದ್ದಿ ಹಾಕುವುದು. ಭಾನುವಾರ ಎಲ್ಲರಿಗೂ ರಜೆ. ಅಂದು ಶನಿವಾರದ ಕ್ಯಾಸೆಟ್ಟನ್ನು ಯಂತ್ರದಲ್ಲಿಟ್ಟು ಬೀಗ ಹಾಕಿ ಹೋಗುವುದು ಪದ್ಧತಿ. ಅದು ತಾನೇ ಓಡಿ, ತಾನೇ ಹಿಂದೆ ಸುತ್ತಿಕೊಂಡು, ಮತ್ತೆ ಓಡುತ್ತಿತ್ತು.

ಮೂವರಲ್ಲಿ ಕಡ್ಡಿಯಂಥವನೇ ದಾನೇಶ ಮಾಸ್ತರ. ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದ. ಅವನ ಬಾಯಲ್ಲಿ ಒಂದು ಒತ್ತಕ್ಷರವೂ ತಪ್ಪುತ್ತಿರಲಿಲ್ಲ. ಅವನ ಮೈಮೇಲಿರುವುದೆಂದರೆ ನನಗೆ ಇಷ್ಟವಿತ್ತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಒಂದು ಶುಕ್ರವಾರ ಊರಿನ ಶಾಲೆಯಲ್ಲಿ ಬಿಸಿಯೂಟ ಉಂಡ ಮೂವತ್ತು ಮಕ್ಕಳು ವಾಂತಿ ಮಾಡಿಕೊಂಡರು. ದೇವರ ದಯೆ, ಎಲ್ಲರೂ ಉಳಿದರು. ಶನಿವಾರ ಮುರಿಗೆಪ್ಪ ಚಹಾದಂಗಡಿಯಲ್ಲಿ ಕೇಳಿದ್ದನ್ನೇ ಬರೆದು ತಂದ. ಅಡುಗೆಯ ನಿಂಬೆವ್ವ ತಳವಾರ ಸಾರಿನಲ್ಲಿ ಹಲ್ಲಿ ಬಿದ್ದದ್ದನ್ನು ಕಂಡೂ ಮಕ್ಕಳಿಗೆ ಬಡಿಸಿದಳು ಎಂದು ಅದರಲ್ಲಿತ್ತು.

“ಆಕಿನ್ನ ಒಂದ್ ಮಾತ ಕೇಳೋಣೇನ್ರಿ?” ಅಂದ ದಾನೇಶ.

“ಐದು ಹೊಡದೈತಿ. ಓದೋ ಮಾರಾಯ.”

ಓದಿದ. ನನ್ನನ್ನು ತೊಟ್ಟು, ಒಂದು ಒತ್ತಕ್ಷರವೂ ತಪ್ಪದೆ ಓದಿದ.

ಮರುದಿನ ಭಾನುವಾರ. ನಾನು ಮೊಳೆಗೆ ತೂಗುತ್ತಿದ್ದೆ. ಎದುರಿನ ಟಿವಿಯಲ್ಲಿಯೂ ನಾನೇ. ಮುಂಜಾನೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದಳು. “ಬಂದ್ ಮಾಡ್ರಿ ಅದನ್ನ! ನಿಮ್ಮ ಕಾಲ ಬೀಳ್ತೀನಿ, ಬಂದ್ ಮಾಡ್ರಿ!” ಅವಳೇ ನಿಂಬೆವ್ವ. ಕೀಲಿಕೈ ಮುರಿಗೆಪ್ಪನ ಕಿಸೆಯಲ್ಲಿ, ಮುರಿಗೆಪ್ಪ ಬೀಗರ ಊರಿನ ಮದುವೆಯಲ್ಲಿ. ಅವಳು ಹೊರಗೆ ಬಡಿಯುತ್ತಲೇ ಇದ್ದಳು, ಒಳಗೆ ಕ್ಯಾಸೆಟ್ಟು ಓಡುತ್ತಲೇ ಇತ್ತು. ಶನಿವಾರದ್ದೂ ಸೇರಿ ಒಂಬತ್ತು ಸಲ. ಒಂಬತ್ತು! ನನಗೆ ಕೈಯಿದ್ದರೆ ಆ ವೈರನ್ನು ಕಿತ್ತೆಸೆಯುತ್ತಿದ್ದೆ.

ಸೋಮವಾರ ಅವಳ ಕೆಲಸ ಹೋಯಿತು. ಮಂಗಳವಾರದ ಹೊತ್ತಿಗೆ ಊರು ಅವಳಿಗೆ ಹೊಸ ಹೆಸರಿಟ್ಟಿತ್ತು: ಹಲ್ಲಿ ನಿಂಬೆವ್ವ. ಯಾವ ಮನೆಯವರೂ ಮದುವೆ ಸೀಮಂತಗಳ ಅಡುಗೆಗೆ ಅವಳನ್ನು ಕರೆಯಲಿಲ್ಲ. ತಿಂಗಳಾದ ಮೇಲೆ ಪರೀಕ್ಷೆಯ ವರದಿ ಬಂತು. ಸಾರಿನಲ್ಲಿ ಹಲ್ಲಿಯಿರಲಿಲ್ಲ. ಕೆಟ್ಟದ್ದು ಎಣ್ಣೆ. ಶಾಲೆಗೆ ಎಣ್ಣೆ ಕೊಟ್ಟ ಮಿಲ್ಲಿನ ಜಾಹೀರಾತು ದಿನಾ ನಮ್ಮ ಸುದ್ದಿಗೆ ಮೊದಲು ಬರುತ್ತಿತ್ತು.

ನಿಂಬೆವ್ವ ದಿನಾ ಐದಕ್ಕೆ ಸರಿಯಾಗಿ ಬಂದು ಮೆಟ್ಟಿಲ ಮೇಲೆ ನಿಂತಳು. “ನನಗೇನೂ ಕೊಡಬ್ಯಾಡ್ರಿ. ಹೇಳಿದ ಬಾಯಿಲೇ ತಿರುಗಿ ಹೇಳ್ರಿ, ಅಷ್ಟ ಸಾಕು.”

ದಾನೇಶ ಒಂದು ಚೀಟಿಯಲ್ಲಿ ಮೂರು ಸಾಲು ಬರೆದ. ಮುರಿಗೆಪ್ಪ ಅದನ್ನು ನೋಡಿ ಹಲ್ಲು ಕಿರಿದ. “ನಾವ್ ಹಂಗ ಅಂದೀವಿ ಅನ್ನಾಕ ಪುರಾವೆ ಏನೈತಿ ಮಾಸ್ತರ? ಆ ಕ್ಯಾಸೆಟ್ ಮ್ಯಾಲ ಸೋಮವಾರದ ಸುದ್ದಿ ಬಂದೈತಿ. ಮಂದಿ ಮರೀತಾರ ಬಿಡು.” ದಾನೇಶ ಚೀಟಿ ಮಡಚಿ ನನ್ನ ಒಳಕಿಸೆಗೆ ತುರುಕಿದ. ಲಾಡಿ ಕಟ್ಟಿಸಿಕೊಂಡ. ನಳದ ನೀರಿನ ಸುದ್ದಿ ಓದಿದ.

ಆ ಚೀಟಿ ಹನ್ನೊಂದು ವರ್ಷ ಅಲ್ಲೇ ಇತ್ತು. ಮಳೆಗಾಲಕ್ಕೆ ಮುಂಚೆಯೇ ನಿಂಬೆವ್ವ ಬರುವುದನ್ನು ಬಿಟ್ಟಳು. ದಾನೇಶ ಮಾತ್ರ ದಿನಾ ಕೂರುವ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮುಟ್ಟುವುದೇನು, ದೇವರ ಪಟವೇ ಅದು? ತೆಗೆದು ಓದೋ! ನನ್ನ ಒಳಗೆ ನಿಜ, ಮೇಲೆ ಹುಟ್ಟುಹಬ್ಬದ ಶುಭಾಶಯ. ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿ ಹೋಗಿ ಕಂಪ್ಯೂಟರ್ ಬಂತು. ಆಮೇಲೆ ಮನೆಮನೆಗೆ ಡಿಶ್ ಬಂತು, ಎಲ್ಲರ ಕೈಗೂ ಮೊಬೈಲ್ ಬಂತು. ಏಳಕ್ಕೆ ಮಗ್ಗಗಳು ನಿಲ್ಲುವುದನ್ನು ಬಿಟ್ಟವು.

ಕಡೆಗೆ ಗುಡ್ಡ ಟಿವಿ ಮುಚ್ಚುವ ದಿನ ಬಂತು. ಕೊನೆಯ ಸುದ್ದಿ, ಅದೂ ನೇರಪ್ರಸಾರ. ಒಮ್ಮೆ ಬಾಯಿಂದ ಹೊರಬಿದ್ದರೆ ಯಾರೂ ಒರೆಸಲಾರರು. ದಾನೇಶನ ಕೈ ಒಳಕಿಸೆಗೆ ಹೋಯಿತು. ಓದಪ್ಪಾ, ಇವತ್ತಾದರೂ ಓದು ಅಂತ ಬೇಡಿಕೊಂಡೆ. ಕೈ ಬರಿದಾಗಿ ಹೊರಬಂತು. ಇಷ್ಟು ವರ್ಷ ಬೆಂಬಲಿಸಿದ ಎಣ್ಣೆ ಮಿಲ್ಲಿನವರಿಗೆ ಧನ್ಯವಾದ ಹೇಳಿ ನಮಸ್ಕಾರ ಮಾಡಿದ. ನಾಚಿಕೆಗೆಟ್ಟವನೇ!

“ನೆನಪಿಗೆ ಒಯ್ಯೋ ಮಾಸ್ತರ” ಎಂದು ಮುರಿಗೆಪ್ಪ ನನ್ನನ್ನು ಅವನಿಗೇ ಕೊಟ್ಟ. ಎಂಟು ದಿನ ಅವನ ಮನೆಯ ಬಾಗಿಲ ಹಿಂದೆ ತೂಗಿದೆ. ಒಂಬತ್ತನೆಯ ದಿನ ಮುಂಜಾನೆ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂಬೆವ್ವನ ಮನೆಗೆ ಹೋದ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪರವೂರಿನ ಖಾನಾವಳಿಗೆ ರೊಟ್ಟಿ ಕಳಿಸಿ ಜೀವನ ಮಾಡುತ್ತಿದ್ದಳಂತೆ. ತಲೆ ಪೂರಾ ಬೆಳ್ಳಗಾಗಿತ್ತು. ದಾನೇಶ ನನ್ನನ್ನು ತೊಟ್ಟ. ಹಿಂದೆ ಲಾಡಿ ಕಟ್ಟಿಕೊಳ್ಳಲು ಬರದೆ ತಡಕಾಡಿದ. ನಿಂಬೆವ್ವ ನೋಡುವಷ್ಟು ನೋಡಿ, ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕಟ್ಟಿದಳು.

ಅವನು ಚೀಟಿ ತೆಗೆದ. ಹನ್ನೊಂದು ವರ್ಷದ ಬೆವರಿಗೆ ಒಂದು ಅಕ್ಷರವೂ ಉಳಿದಿರಲಿಲ್ಲ. ಆದರೂ ಓದಿದ: “ನಿಂಬೆವ್ವ ತಳವಾರ ಅವರು ಮಾಡಿದ ಸಾರಿನಲ್ಲಿ ಹಲ್ಲಿ ಬಿದ್ದಿರಲಿಲ್ಲ. ನಾವು ಹೇಳಿದ್ದು ಸುಳ್ಳು. ಅವರ ಕ್ಷಮೆ ಕೇಳುತ್ತೇವೆ.” ತಡವರಿಸದೆ ಹೇಳಿದ. ಅಂದರೆ ಅಷ್ಟೂ ವರ್ಷ ಅದು ಅವನಿಗೆ ಬಾಯಿಪಾಠವಿತ್ತು! ನನ್ನ ಸಿಟ್ಟು ಇಮ್ಮಡಿಯಾಯಿತು.

ನಿಂಬೆವ್ವ ಅಳಲಿಲ್ಲ. “ಊರಿಗೆಲ್ಲ ಒಂಬತ್ತ ಸಲ ಹೇಳಿದ್ರಿ. ನಾ ಬಾಗಲದಾಗ ನಿಂತು ಎಣಿಸೀನಿ. ನನ್ನ ಒಲಿ ಮುಂದ ಒಂದ ಸಲ ಹೇಳಿ ಕೈ ತೊಳ್ಕೋತೀರೇನ್ ಮಾಸ್ತರ? ಇನ್ನೂ ಎಂಟ್ ಸಲ ಐತಿ. ಊರಾಗ ನಡೀರಿ.”

ಅವನು ಹೋದ, ಅದನ್ನು ಒಪ್ಪುತ್ತೇನೆ. ಶಾಲೆಯ ಗೇಟಿನ ಮುಂದೆ ಒಂದು ಸಲ ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಂದು ಸಲ ಹೇಳಿದ. ಅಲ್ಲಿ ಹಿಂದೆ ನಿಂತವರು ನನಗೆ ಬೆನ್ನಿಲ್ಲದ್ದನ್ನು ಕಂಡು ಕೇಕೆ ಹಾಕಿ ನಕ್ಕರು. ಮಾಸ್ತರನ ಕಿವಿ ಕೆಂಪಾದವು. ಸೀದಾ ತಿರುಗಿ ಬಂದು ನನ್ನನ್ನು ನಿಂಬೆವ್ವನ ಹೊಸ್ತಿಲ ಮೇಲೆ ಇಟ್ಟು ಹೋದವನು ಮತ್ತೆ ಬರಲಿಲ್ಲ.

ನಿಂಬೆವ್ವ ನನ್ನನ್ನು ಕತ್ತರಿಸಿ ನಾಲ್ಕು ಮಸಿಅರಿವೆ ಮಾಡಿದಳು. ಈಗ ಒಲೆಯ ಪಕ್ಕದ ಗೂಡಿನಲ್ಲಿದ್ದೇನೆ. ಬಿಸಿ ಹಂಚು, ಸಾರಿನ ಪಾತ್ರೆ ಇಳಿಸುವಾಗ ಅವಳ ಕೈ ಸುಡದಂತೆ ನೋಡಿಕೊಳ್ಳುತ್ತೇನೆ. ಅರ್ಧ ಸುಟ್ಟು ಕರಕಲಾಗಿದ್ದೇನೆ, ಅದಕ್ಕೆ ಬೇಜಾರಿಲ್ಲ. ಓಣಿಯ ಮಕ್ಕಳು ಇವತ್ತಿಗೂ ಅವಳನ್ನು ಹಲ್ಲಿ ನಿಂಬೆವ್ವ ಅಂತಲೇ ಕರೆಯುತ್ತಾರೆ.

ಮಾಸ್ತರ ಹೇಳಿದ್ದು ಮೂರೇ ಸಲ. ಅದಕ್ಕೇ ಇಷ್ಟೆಲ್ಲ ನಿಮ್ಮ ಮುಂದೆ ಹೇಳಿದೆ. ಆ ಶನಿವಾರ ಅವನ ಮೈಮೇಲಿದ್ದವನು ನಾನು. ನಿಂಬೆವ್ವ ಮಾಡಿದ ಸಾರಿನಲ್ಲಿ ಹಲ್ಲಿ ಬಿದ್ದಿರಲಿಲ್ಲ. ನಾವು ಹೇಳಿದ್ದು ಸುಳ್ಳು. ಇದು ನಾಲ್ಕನೆಯ ಸಲ. ಇನ್ನೂ ಐದು ಇವೆ.