ರೊಟ್ಟಿಯಿಲ್ಲದ ಬತ್ತಿ

"ತಾತಾ, ನಿಮ್ಮಜ್ಜ ರಾದಿಸಾವ್ ಈ ಮನೆಯೋರೇ ಅಲ್ವಂತೆ! ಮನೆಅಳಿಯ ಅಂತೆ!"

ಗೇಟು ತೆಗ್ಯೋಕೂ ಮುಂಚೆ ಕಿರುಚಿಬಿಟ್ಟೆ. ನನ್ ಬಾಯಲ್ಲಿ ಏನೂ ನಿಲ್ಲಲ್ಲ, ಏನ್ ಮಾಡ್ಲಿ!

ತಾತ ಅಂಗಳದಲ್ಲಿ ಕೂತು ಹುಲ್ಲು ಕೊಯ್ಯೋ ಕತ್ತೀನ ಸುತ್ತಿಗೇಲಿ ಬಡೀತಾ ಇದ್ರು. ಸದ್ದು ನಿಂತ್ಹೋಯ್ತು.

"ಇನ್ನೊಂದ್ಸಲ ಅನ್ನು. ಈ ಕತ್ತಿ ಹರಿತ ಆಗಿದ್ಯಾ ಅಂತ ನಿನ್ನ ನಾಲಿಗೆ ಮೇಲೇ ನೋಡ್ತೀನಿ."

ಮೆಟ್ಟಿಲ ಮೇಲೆ ಆಲೂಗಡ್ಡೆ ಸಿಪ್ಪೆ ತೆಗೀತಿದ್ದ ಅಕ್ಕ ದೆಸಾಂಕಾ ತಲೆ ಎತ್ಲಿಲ್ಲ. ಕೈ ಮಾತ್ರ ನಿಧಾನ ಆಯ್ತು.

ಮನೇಲಿ ಯುದ್ಧ ನಡೀತಿತ್ತು. ಅಪ್ಪ ಅಮ್ಮ ಹೋದ್ಮೇಲೆ ಹಸು, ರಾಸ್ಪ್‌ಬೆರಿ ತೋಟ ಎಲ್ಲಾ ನೋಡ್ಕೊಳ್ಳೋದು ಅಕ್ಕನೇ. ಅವ್ಳಿಗೆ ಮರದ ಮಿಲ್ಲಿನ ವುಕಾಶಿನ್‌ನ ಮದ್ವೆ ಆಗಿ ಇಲ್ಲೇ ಇರ್ಬೇಕು. ಅವ್ನೂ ಬರ್ತೀನಿ ಅಂದಿದ್ದಾನೆ. ತಾತಂದು ಒಂದೇ ಹಟ: ಹೆಂಡ್ತಿ ಮನೆಗೆ ಬರೋ ಗಂಡ್ಸು ಗಂಡ್ಸೇ ಅಲ್ಲ, ಬೇಕಾದ್ರೆ ಗಂಟು ಕಟ್ಕೊಂಡು ನೀನೇ ಹೋಗು. ಭಾನುವಾರ ವುಕಾಶಿನ್ ಪ್ಲಮ್ ಸಾರಾಯಿ ತಂದಿದ್ದ. ತಾತ ಅದನ್ನ ಗೇಟಿನ ಹೊರಗೇ ಮಣ್ಣಿಗೆ ಸುರಿದು, ಖಾಲಿ ಬಾಟ್ಲಿ ಅವ್ನ ಕೈಗೇ ಕೊಟ್ರು.

ನಾನೇನ್ ಜಗಳಕ್ಕೆ ಅಂತ ಹುಡುಕಿದ್ದಲ್ಲಪ್ಪ. ಕಾಲೇಜಲ್ಲಿ ನಿಮ್ಮನೆ ಹಿರೀಕರೊಬ್ರ ಕಥೆ ತಿಳ್ಕೊಂಡ್ ಬನ್ನಿ ಅಂದಿದ್ರು. ನಮ್ಮೂರ ಸ್ಮಶಾನದಲ್ಲಿ ರಾದಿಸಾವ್ ಅವ್ರ ಅಪ್ಪ ಅಮ್ಮನ ಗೋರಿ ಎಲ್ಲೂ ಇಲ್ಲ. ಅದಕ್ಕೇ ಪಕ್ಕದೂರಲ್ಲಿ ಹುಡುಕೋಣ ಅಂತ ಗುಡ್ಡದಾಚೆ ದುಬ್ಲ್ಯೆಗೆ ಹೋದೆ. ಅಲ್ಲಿ ಸಿಕ್ತು ಅವ್ರ ಗೋರಿ; ಹತ್ರ ಕಳೆ ಕೀಳ್ತಿದ್ರು ಆ ಮನೆಯೋರೇ ಆದ ಸ್ತಾನಿಕಾ ಅಜ್ಜಿ.

"ಆ ಹಲ್ಲಿಲ್ಲದ ಕಾಗೆ ಹೇಳಿದ್ಳಾ?" ಅಂದ್ರು ತಾತ. "ಅವ್ಳ ಮಾತು ಕೇಳೋಕಾಗ್ದೇನೇ ಅವ್ಳ ಗಂಡ ಬೇಗ ಸತ್ತ."

"ಹಾಗಾದ್ರೆ ನೀನೇ ಹೇಳು. ಎಲ್ಲಾರ ಮನೆಗೂ ಒಬ್ಬೊಬ್ಬ ಸಂತ, ನಮ್ಮನೆಗೆ ಲೂಕ. ಅಕ್ಟೋಬರಲ್ಲಿ ಅವ್ನ ಹಬ್ಬಕ್ಕೆ ರೊಟ್ಟಿ ಮಾಡ್ತೀವಿ, ಊರೋರೆಲ್ಲಾ ಬಂದು ಉಣ್ತಾರೆ. ಮತ್ತೆ ಮೇ ತಿಂಗ್ಳು ಸಂತ ಮಾರ್ಕನ ದಿನ, ರೊಟ್ಟಿ ಇಲ್ದೆ ನೆಂಟ್ರಿಲ್ದೆ ಒಂದು ಮೇಣದ ಬತ್ತಿ ಹಚ್ತೀವಲ್ಲ, ಅದ್ಯಾಕೆ?"

"ಆಲಿಕಲ್ಲು ಬೀಳ್ಬಾರ್ದು ಅಂತ. ಹಸೂಗೂ ಗೊತ್ತು."

"ಹೋದ್ವರ್ಷಾನೂ ಹಚ್ಚಿದ್ವಿ. ಒಂದು ಹಣ್ಣು ಉಳೀಲಿಲ್ಲ," ಅಂದ್ಳು ಅಕ್ಕ.

"ನಿನ್ನ ಕೇಳ್ಲಿಲ್ಲ!"

"ಮಾರ್ಕ ಸ್ತಾನಿಕಾ ಅಜ್ಜಿಯ ಮನೆ ಸಂತ, ತಾತಾ. ರಾದಿಸಾವ್ ಹುಟ್ಟಿದ್ದು ಆ ಮನೇಲಿ. ಇಲ್ಲಿಗೆ ಅಳಿಯ ಆಗಿ ಬಂದು ಈ ಮನೆ ಹೆಸ್ರು, ಈ ಮನೆ ಸಂತ ಎಲ್ಲಾ ತಗೊಂಡ್ರಂತೆ. ಹುಟ್ಟಿದ್ಮನೆ ಸಂತಂಗೆ ಒಂದೇ ಒಂದು ಬತ್ತಿ ಹಚ್ಲಾ ಅಂತ ಕೇಳಿದ್ದಕ್ಕೆ ಮಾವ ಅಂದ್ನಂತೆ, ಹಚ್ಕೋ, ಆದ್ರೆ ನನ್ನ ಹಿಟ್ಟಲ್ಲಿ ರೊಟ್ಟಿ ಮಾಡಂಗಿಲ್ಲ, ನಿಮ್ಮ ಕಡೆಯೋರು ನನ್ನ ಗೇಟು ದಾಟಂಗಿಲ್ಲ ಅಂತ."

ತಾತ ಸುತ್ತಿಗೆ ಎತ್ತಿದ್ರು. ನನಗೇ ಬಿತ್ತು ಅಂದ್ಕೊಂಡೆ. ಕತ್ತಿ ಮೇಲೆ ಬಿತ್ತು, ಓರೆಯಾಗಿ. ಅಂಚು ಸೊಟ್ಟಗಾಯ್ತು.

"ಅಜ್ಜ ಆ ದಿನ ಗೋಡೆ ಕಡೆ ಮುಖ ಮಾಡಿ ಕೂರೋನು," ಅಂದ್ರು, ನಮಗಲ್ಲ, ಕತ್ತಿಗೆ. "ಬತ್ತಿ ಆರೋವರ್ಗೂ. ಗಾಳಿಗೆ ಗೇಟು ಅಲ್ಲಾಡಿದ್ರೂ ಎದ್ದು ನೋಡೋನು. ಯಾರೂ ಇರ್ತಿರ್ಲಿಲ್ಲ."

"ಭಾನುವಾರ ಆ ಗೇಟಲ್ಲಿ ನಿಂತಿದ್ದು ನೀನೇ ತಾತ," ಅಂದ್ಳು ಅಕ್ಕ. "ಹೇಳು, ಗಂಟು ಕಟ್ಲಾ?"

"ಬಾಯ್ ಮುಚ್ಚು." ತಾತ ಉಗುಳಿದ್ರು. "ನಾಳೆ ಮಾರ್ಕನ ದಿನ. ಬರ್ಲಿ ನಿನ್ನ ಆ ಮರದ ಕೊರಡು. ಹಸು ಕರೆದಾದ್ಮೇಲೆ. ಗೇಟಲ್ಲಿ ನಾನೇ ಇರ್ತೀನಿ."

"ಬಯ್ಯೋಕಾ?" ಅಂದೆ.

"ಹೂಂ, ಬಯ್ಯೋಕೇ. ಆ ಕಾಗೇನೂ ಕರಿ. ಇದನ್ನ ನನ್ನ ಮುಖಕ್ಕೆ ಹೇಳ್ಲಿ."

ಅಕ್ಕ ಆಲೂಗಡ್ಡೆ ಬಿಟ್ಟು ಎದ್ದಳು.

"ಎಲ್ಲಿಗೆ?"

"ಹಿಟ್ಟು ಕಲಸೋಕೆ."

"ರೊಟ್ಟಿ ಮಾಡು ಅಂದ್ನಾ ನಾನು?"

ಅಕ್ಕ ನಿಲ್ಲಲಿಲ್ಲ. ತಾತ ಹಿಂದಿಂದ ಕೂಗಿದ್ರು:

"ದೊಡ್ಡದೇ ಮಾಡು! ಹಲ್ಲಿಲ್ದಿದ್ರೂ ಕಾಗೆ ಜಾಸ್ತಿ ತಿನ್ನುತ್ತೆ. ಆ ಕೊರಡಿಗೆ ಹೇಳು, ನಾಳೆ ತಡ ಮಾಡಿ ಬಂದ್ರೆ ಗೇಟಿಗೆ ಬೀಗ!"