ಧೂಳಪ್ಪ ತೆಗೆದಿಟ್ಟ ಒಂಬತ್ತು ತುಣುಕು

ಮೈ ತೊಳೆಯುವ ಮುಂಚೆ ಗೌರವ್ವ ಸತ್ತ ಗಂಡ ಧೂಳಪ್ಪನ ಸೊಂಟದಿಂದ ಎಲೆಅಡಿಕೆಯ ಚಂಚಿ ಬಿಚ್ಚಿ ಸೊಸೆ ಉಮಾಶ್ರೀಯ ಕೈಗೆ ಕೊಟ್ಟಳು. ಉಮಾಶ್ರೀ ಅದನ್ನು ಮೊರದ ಮೇಲೆ ಸುರಿದಳು. ಒಣಗಿದ ಎಲೆ, ಎರಡು ಅಡಿಕೆ ಹೋಳು, ಸುಣ್ಣದ ಡಬ್ಬಿ. ಅವುಗಳ ಹಿಂದೆಯೇ ಬಣ್ಣದ ರಟ್ಟಿನ ತುಣುಕುಗಳು ಉದುರಿದವು. ಒಂಬತ್ತು.

"ಅತ್ತಿ, ಚಂಚ್ಯಾಗ ಇದ್ದವು ನೋಡ್ರಿ! ಇವಕ್ಕಂತ ಮನಿ ತುಂಬ ಕಸಬರಿಗಿ ಆಡಿಸೀನಿ ನಾ."

"ಎಲ್ಲಿ ಇಟ್ಟೇನಂತ ಅವರಿಗೇ ನೆನಪಿರಲಿಲ್ಲೇನೋ ಪಾಪ," ಎಂದು ಗೌರವ್ವ ಕಣ್ಣೊರೆಸಿಕೊಂಡು ನೀರಿನ ಕೊಡ ಎತ್ತಿದಳು.

ಆ ಮಾತಿನಿಂದ ಉಮಾಶ್ರೀಗೆ ತುಸು ಸಮಾಧಾನವೇ ಆಯಿತು. ಮಾವನ ತಲೆ ನೆಟ್ಟಗಿರಲಿಲ್ಲ ಎಂದರೆ ತಾನು ಕತ್ತರಿ ಬಚ್ಚಿಟ್ಟದ್ದು ತಪ್ಪಲ್ಲ.

*

ಧೂಳಪ್ಪ ಮೂವತ್ತು ವರ್ಷ ದಾಳಿಂಬೆ ಗಿಡಕ್ಕೆ ಕತ್ತರಿ ಹಾಕಿದವನು. ಬೆಳುಂಕಿಯಲ್ಲಾಗಲಿ ಸೋನ್ಯಾಳದಲ್ಲಾಗಲಿ, ತೋಟದ ಛಾಟಣಿಗೆ, ಬೇಡದ ರೆಂಬೆ ಚಿಗುರು ಕಡಿಯುವ ಕೆಲಸಕ್ಕೆ, ಮೊದಲ ಕರೆ ಅವನಿಗೆ ಮತ್ತು ಅವನ ಜೋಡಿ ಇಮಾಮನಿಗೆ. ಕಡಿದ ಚಿಗುರನ್ನೆಲ್ಲ ಹೊತ್ತು ಬದುವಿನಾಚೆ ಹಾಕುವ ತನಕ ಇಬ್ಬರೂ ಚಹಾ ಮುಟ್ಟುತ್ತಿರಲಿಲ್ಲ. ತೋಟದಲ್ಲಿ ಒಂದೇ ಒಂದು ಚಿಗುರು ಉಳಿದರೂ ರೋಗ ಹತ್ತುತ್ತದೆಂದು ಧೂಳಪ್ಪನ ಹಟ.

ಹೋದ ವರ್ಷ ಲಕ್ವಾ ಹೊಡೆದು ಅವನ ಬಲಗೈಯೂ ಮಾತೂ ಹೋದವು. ಹಟ ಮಾತ್ರ ಹೋಗಲಿಲ್ಲ. ಎಡಗೈಯಲ್ಲಿ ಕತ್ತರಿ ಹಿಡಿದು ತೋಟಕ್ಕೆ ಹೊರಟು ಎರಡು ಸಲ ಬಿದ್ದ. ಉಮಾಶ್ರೀ ಕತ್ತರಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಬೆರಳಿಗೆ ಕೆಲಸವಾಗಲೆಂದು ಮೊಬೈಲಿನಲ್ಲಿ ಹುಡುಕಿ ಹಲಗೆಯ ಮೇಲೆ ತುಣುಕು ಜೋಡಿಸಿ ಚಿತ್ರ ಮಾಡುವ ಒಂದು ಜಿಗ್‌ಸಾ ಪಜಲ್ ತರಿಸಿದಳು. ಐನೂರು ವರ್ಷದ ಹಿಂದೆ ಇಟಲಿಯ ಯಾವನೋ ಚಿತ್ರಕಾರ ಗಿಡಮೂಲಿಕೆಯ ಪುಸ್ತಕಕ್ಕೆಂದು ಬರೆದ ದಾಳಿಂಬೆ ಗಿಡ. ಬೇರು, ಹೂವು, ಕಾಯಿ, ಬಾಯಿಬಿಟ್ಟ ಹಣ್ಣು ಎಲ್ಲ ಒಂದರಲ್ಲೇ. ಒಟ್ಟು ಮುನ್ನೂರು ತುಣುಕು.

"ಚಿತ್ರ ಪೂರಾ ಮಾಡ್ರಿ ಮಾವ. ಅವತ್ತ ಕತ್ತರಿ ನಿಮ್ಮ ಕೈಯಾಗ ಇಡ್ತೀನಿ."

ನಾಲ್ಕು ತಿಂಗಳು ಮಹರಾಯ ಹಲಗೆ ಬಿಟ್ಟು ಏಳಲಿಲ್ಲ. ಕೊನೆಗೊಂದು ಮಧ್ಯಾಹ್ನ ಅದನ್ನು ಸೊಸೆಯ ಮುಂದೆ ತಳ್ಳಿ ಎಡಗೈ ಚಾಚಿದ. ಕಾಂಡದ ಬುಡದಲ್ಲಿ ಎರಡೂ ಕಡೆ ಖಾಲಿ.

"ಇನ್ನೂ ಒಂಬತ್ತು ಬೇಕಲ್ರಿ. ಎಲ್ಲಿ ಕಳದ್ರಿ?"

ಅವನು ಖಾಲಿ ಜಾಗಕ್ಕೆ ಬೆರಳು ಬಡಿದು ಬಡಿದು ತೋರಿಸಿದ. ಹುಡುಕೆನ್ನುತ್ತಾನೆಂದು ಅವಳು ಕಸಬರಿಗೆ ಹಿಡಿದು ಹೊರಸಿನ ಕೆಳಗೆ ನುಗ್ಗಿದಳು. ಧೂಳಪ್ಪ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಆಮೇಲೆ ಹಲಗೆಯ ತಂಟೆಗೆ ಹೋಗಲಿಲ್ಲ.

*

ಈಗ ಅವನಿಗೆ ವಿಭೂತಿ ಹಚ್ಚಿ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಮಗ ಮಲ್ಲಿನಾಥ ಹೊಲದಲ್ಲಿ ಕುಣಿ ತೋಡಿಸುತ್ತಿದ್ದ. ಮಾವನನ್ನು ಎತ್ತುವ ಮುಂಚೆ ಚಿತ್ರವಾದರೂ ಪೂರ್ತಿಯಾಗಲೆಂದು ಉಮಾಶ್ರೀ ಹಲಗೆ ತಂದು ಅವನೆದುರೇ ಕುಳಿತಳು. ಒಂದು ತುಣುಕು ಕೂಡಿತು. ಇನ್ನೊಂದೂ ಕೂಡಿತು.

"ಹಾಕಬ್ಯಾಡವ್ವ," ಎಂದ ಇಮಾಮ, ಬಾಗಿಲ ಬಳಿಯಿಂದ ಎದ್ದು ಬಂದು.

"ಯಾಕ್ರಿ ಕಾಕಾ? ಕಳದಿದ್ದವು ಸಿಕ್ಕಾವು."

"ಕಳದಿಲ್ಲ. ಏನದಾವ ನೋಡು ಇವು. ಬುಡದ ಚಿಗುರು, ಒಂಬತ್ತಕ್ಕ ಒಂಬತ್ತೂ. ಗಿಡದ ಕಸುವು ತಿಂತಾವಂತ ನಾವು ಮೊದಲ ಕಡಿಯೋದು ಇವನ್ನ." ಇಮಾಮ ಚಿತ್ರದ ಹೂವು ಕಾಯಿಗಳ ಮೇಲೆ ಬೆರಳಾಡಿಸಿದ. "ನಿಮ್ಮ ಮಾವ ಛಾಟಣಿ ಮಾಡ್ಯಾನವ್ವ. ಒಂದು ಹೂವು ಮುಟ್ಟಿಲ್ಲ, ಒಂದು ಕಾಯಿ ಮುಟ್ಟಿಲ್ಲ. ಭಾಳ ಚಲೋ ಮಾಡ್ಯಾನ."

ಉಮಾಶ್ರೀ ಹಲಗೆ ನೋಡಿದಳು, ಮಾವನ ಮುಖ ನೋಡಿದಳು. ಅವತ್ತು ಅವನು ಕೆಲಸ ಮುಗಿಸಿ, ತಾನು ಕೊಟ್ಟ ಮಾತಿನಂತೆ ಕತ್ತರಿ ಕೇಳಿ ಕೈ ಚಾಚಿದ್ದ. ಕೂಡಿಸಿದ್ದ ಎರಡನ್ನೂ ಬಿಡಿಸಿ, ಒಂಬತ್ತನ್ನೂ ಸೆರಗಿನ ಚುಂಗಿಗೆ ಕಟ್ಟಿಕೊಂಡು, ಕಪಾಟಿನ ಕೀಲಿ ತೆಗೆದಳು.

ಹೊಲದಲ್ಲಿ ಧೂಳಪ್ಪನನ್ನು ಕುಣಿಯೊಳಗೆ ಕೂರಿಸಿಯಾಗಿತ್ತು. ಉಮಾಶ್ರೀ ಕತ್ತರಿ ಹಿಡಿದು ಅಂಚಿಗೆ ಬಂದಳು.

"ಅತ್ತಿ, ಇದನ್ನ ಮಾವನ ಕೈಯಾಗ ಇಡಬೇಕ್ರಿ. ಮಾತು ಕೊಟ್ಟೀನಿ."

"ಎಡಗೈಯಾಗ ಲಿಂಗ ಇಟ್ಟಾರವ್ವ," ಎಂದಳು ಗೌರವ್ವ ಮೆಲ್ಲಗೆ.

ಬಲಗೈ ಎಂದೋ ಹೋಗಿತ್ತು. ಕುಣಿಯ ಪಕ್ಕದಲ್ಲೇ ಅವರ ದಾಳಿಂಬೆಯ ಮೊದಲ ಸಾಲು; ಧೂಳಪ್ಪ ಬಿದ್ದಾಗಿನಿಂದ ಕತ್ತರಿ ಕಾಣದೆ ಬುಡದ ಚಿಗುರು ಪೊದೆಗಟ್ಟಿತ್ತು. ಜನ ಬಿಲ್ವಪತ್ರಿ ಹಾಕಿ ಮಣ್ಣು ಕೊಡುತ್ತಿರುವಾಗ ಅವಳು ಮೊದಲ ಗಿಡದ ಕೆಳಗೆ ಮಂಡಿಯೂರಿದಳು. ಒಂದು ಚಿಗುರು ಸೀಳಿಹೋಯಿತು.

"ಬುಡಕ್ಕ ಹತ್ತಿಸಿ ಹಿಡಿ," ಎಂದ ಇಮಾಮ.

ಎರಡನೆಯದು ನೀಟಾಗಿ ಬಂತು. ಗಿಡ ಒಂದೇ ಕಾಂಡದ ಮೇಲೆ ನಿಲ್ಲುವ ತನಕ ಕಡಿದಳು. ಕಡಿದದ್ದನ್ನೆಲ್ಲ ಉಡಿ ತುಂಬ ತುಂಬಿಕೊಂಡು, ಚುಂಗಿನ ಗಂಟು ಬಿಚ್ಚಿ ಒಂಬತ್ತು ರಟ್ಟಿನ ಚಿಗುರನ್ನೂ ಅದರಲ್ಲೇ ಹಾಕಿಕೊಂಡಳು. ಬದು ದಾಟಿ ಹೋಗಿ ಎಲ್ಲವನ್ನೂ ಸುರಿದು, ಒಂದೂ ಉಳಿಯದಂತೆ ಸೆರಗನ್ನು ಎರಡು ಸಲ ಕೊಡವಿದಳು.